ರೇಸಿನ ದಿನ ನಾನು ನೋಡಿದ ರುಚಿ

ರೇಸಿನ ದಿನ ಆ ಸಾಸಿವೆಯ ಘಾಟು ನನ್ನ ಮೂಗಿಗೆ ಬಂದೇ ಇರಲಿಲ್ಲವೋ ಏನೋ. ಇವತ್ತು ಬೆಳಿಗ್ಗೆ ಮಗಳ ಸ್ಯಾಂಡ್‌ವಿಚ್‌ಗೆಂದು ಫ್ರಿಜ್ಜಿನಿಂದ ಹಳದಿ ಸಾಸಿವೆ ಪೇಸ್ಟಿನ ಬಾಟಲಿ ತೆಗೆದು ಮುಚ್ಚಳ ತಿರುವಿದೆ. ಮೂಗಿನ ಬುಡದಲ್ಲಿ ಚುರ್ ಎಂದಿತು. ಕೂಡಲೇ ನೆರೆಮನೆಯ ಗರಾಜು, ಅದರ ಮೂಲೆಯ ಎರಡು ಬರ್ನರಿನ ಗ್ಯಾಸ್ ಒಲೆ, ಸ್ಟೀಲಿನ ಬೇಸನ್ನಿನಲ್ಲಿ ಮೊಟ್ಟೆಯ ಹಳದಿ ಕಲಸುತ್ತಿದ್ದ ವಿಶಾಲು ಆಂಟಿಯ ಕೈ, ಎಲ್ಲವೂ ಕಣ್ಣ ಮುಂದೆ ಬಂದು ನಿಂತವು. ಅವುಗಳ ಜೊತೆಗೆ ಇದೇ ಸಾಸಿವೆಯ ಘಾಟೂ ಬಂತು. ತೊಡಕಿರುವುದು ಇಲ್ಲೇ. ಆ ದಿನ ನನ್ನ ಮೂಗು ಕೆಲಸ ಮಾಡುತ್ತಿರಲಿಲ್ಲ, ನಾಲಿಗೆಯೂ ಮಾಡುತ್ತಿರಲಿಲ್ಲ. ಮೂಗಿಗೆ ಬಾರದ ಒಂದು ವಾಸನೆಯನ್ನು ನಾನು ಇಷ್ಟು ವರ್ಷ ನೆನಪು ಎಂದು ಜೋಪಾನ ಮಾಡಿದ್ದೇನೆ ಅಂದಮೇಲೆ, ಉಳಿದದ್ದರಲ್ಲಿ ಎಷ್ಟನ್ನು ನೀವು ನಂಬಬೇಕು? ನನ್ನನ್ನು ಕೇಳಿದರೆ, ಮೊಟ್ಟೆಗಳ ಲೆಕ್ಕವನ್ನು ಪೂರ್ತಿ ನಂಬಿ, ಮಾತುಗಳನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನಂಬಿ. ಬಾಕಿಯದನ್ನು ಓದುತ್ತ ಹೋದಂತೆ ನೀವೇ ತೀರ್ಮಾನಿಸಿ.

ಅದು ೨೦೨೨ರ ಮೇ ತಿಂಗಳ ಮೊದಲ ಶನಿವಾರ. ೨೦೨೧ ಎಂದು ನನ್ನ ಹೆಂಡತಿ ಶೈಲಾ ಈಗಲೂ ವಾದ ಮಾಡುತ್ತಾಳೆ. ಆದರೆ ಜನ ಮಾಸ್ಕ್ ಇಲ್ಲದೆ ಒಬ್ಬರ ಮನೆಗೆ ಒಬ್ಬರು ಹೋಗಿ, ಒಂದೇ ತಟ್ಟೆಯಿಂದ ತೆಗೆದುಕೊಂಡು ತಿಂದದ್ದು ನನಗೆ ಚೆನ್ನಾಗಿ ನೆನಪಿದೆ. ಆದ್ದರಿಂದ ೨೦೨೨ ಎಂದೇ ಇಟ್ಟುಕೊಳ್ಳೋಣ. ನಾವಿರುವುದು ವರ್ಜೀನಿಯಾದ ಆಲ್ಡಿಯಲ್ಲಿ. ಮನೆಗಳು ಎಷ್ಟು ಹೊಸವೆಂದರೆ ರಸ್ತೆಬದಿಯ ಮರಗಳಿಗೆ ಇನ್ನೂ ಊರುಗೋಲು ಕಟ್ಟಿರುತ್ತಾರೆ. ನಮ್ಮ ಮನೆಯಿಂದ ನಾಲ್ಕನೆಯದು ವಿಶಾಲು ಆಂಟಿಯದು. ಎದುರು ಸಾಲಿನಲ್ಲಿ ಡೋರಿಸ್ ಎಂಬಾಕೆಯದು.

ವಿಶಾಲು ಆಂಟಿ ಮೈಸೂರಿನವರು. ಗಂಡ ಸಸ್ಯವಿಜ್ಞಾನಿ, ಅವರ ಜೊತೆ ಎಪ್ಪತ್ತರ ದಶಕದ ಕೊನೆಗೆ ಬಂದು, ಎಲಿಕಾಟ್ ಸಿಟಿಯಲ್ಲಿ ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿ, ಗಂಡ ತೀರಿಕೊಂಡ ಮೇಲೆ ಆ ದೊಡ್ಡ ಮನೆ ಮಾರಿ ನಮ್ಮ ಸಾಲಿನ ಟೌನ್‌ಹೌಸಿಗೆ ಬಂದವರು. ಹಬ್ಬಕ್ಕೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ, ಸುತ್ತಲಿನ ಕನ್ನಡದವರ ಮನೆಗಳಿಗೆಲ್ಲ ಅವರದೇ ಅಡುಗೆ. ಡೋರಿಸ್ ದಕ್ಷಿಣ ಕೆರೊಲೈನಾದ ಒಂದು ಸಣ್ಣ ಊರಿನವಳು, ಆಂಟಿಯ ಓರಗೆಯವಳು. ವರ್ಷವೂ ಮೇ ತಿಂಗಳ ಮೊದಲ ಶನಿವಾರ, ದೇಶವೆಲ್ಲ ಟೀವಿಯಲ್ಲಿ ನೋಡುವ ಆ ದೊಡ್ಡ ಕುದುರೆ ರೇಸಿನ ದಿನ, ತನ್ನ ಹಿತ್ತಲ ಮರದ ಜಗಲಿ, ಅಂದರೆ ಡೆಕ್ಕಿನ ಮೇಲೆ ನಲವತ್ತು ಜನರನ್ನು ಕರೆದು ತನ್ನ ಕಡೆಯ ತಿಂಡಿಗಳನ್ನು ಮಾಡಿ ಹಾಕುವುದು ಅವಳ ಪದ್ಧತಿ. ಆ ಸಲ ಏಪ್ರಿಲ್‌ನಲ್ಲಿ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಾರ್ಟಿ ಬಿಡಲು ಮನಸ್ಸಿಲ್ಲ, ಕಲಸಲು ಕೈಯಿಲ್ಲ. ಆಂಟಿಯ ಬಾಗಿಲು ತಟ್ಟಿದಳು.

"ಅವಳೂ ಸೌತು, ನಾನೂ ಸೌತು, ಕರಿದಿದ್ದು ಅಂದ್ರೆ ಇಬ್ಬರಿಗೂ ಪ್ರಾಣ. ಮಾಡ್ಕೊಡ್ತೀನಿ ಅಂದ್ಬಿಟ್ಟೆ," ಎಂದರು ಆಂಟಿ ನನಗೆ. ಆಮೇಲೆ ದನಿ ತಗ್ಗಿಸಿ, "ಅಲ್ಲ ಕಣೋ, ನಮ್ಮ ಮೈಸೂರಲ್ಲಿ ರೇಸಿಗೆ ಹೋಗೋನಿಗೆ ಹೆಣ್ಣು ಕೊಡ್ತಿರ್ಲಿಲ್ಲ. ಇಲ್ಲಿ ಹೆಂಗಸರು ಹ್ಯಾಟ್ ಹಾಕ್ಕೊಂಡು ಮನೇಲೇ ಕೂತು ರೇಸ್ ನೋಡ್ತಾರಂತೆ. ಅದಕ್ಕೆ ತಿಂಡಿ ಬೇರೆ!" ಎಂದರು.

ಇದು ಬರೀ ನೆರೆಮನೆಯ ಉಪಕಾರವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಆಂಟಿಯ ಒಬ್ಬನೇ ಮಗ ರಘು ಇರುವುದು ರಾಲಿ ಎಂಬ ದೂರದ ಊರಿನಲ್ಲಿ. ಈ ದೇಶದಲ್ಲೇ ಹುಟ್ಟಿ ಬೆಳೆದವನು. ಅಮ್ಮ ತನ್ನ ಮನೆಗೆ ಬಂದು ಇರಲಿ ಎಂದು ಎರಡು ವರ್ಷದಿಂದ ಹಟ ಹಿಡಿದಿದ್ದ. ಆಂಟಿಗೋ ಬೇರೆಯೇ ಆಸೆ. ಆಲ್ಡಿಯ ಹತ್ತಿರವೇ ಪರವಾನಗಿಯಿರುವ ಒಂದು ಅಡುಗೆಮನೆಯನ್ನು ಬಾಡಿಗೆಗೆ ಹಿಡಿದು, ತನ್ನ ಹೆಸರಿನಲ್ಲಿ, ಕನ್ನಡದವರಲ್ಲದವರಿಗೂ ಮಾಡಿ ಕೊಡಬೇಕು ಎಂದು. ಒಂದು ಸಂಜೆ ಅವರು ಫೋನಿನ ಸ್ಪೀಕರ್ ಹಾಕಿಕೊಂಡು ಅವರೆಕಾಳು ಹಿತುಕುತ್ತಿದ್ದಾಗ ನಾನು ಅಲ್ಲೇ ಇದ್ದೆ.

"ಈ ಶನಿವಾರದ್ದು ಒಂದು ಆಗ್ಲಿ ಕಣೋ ರಘು," ಎಂದರು. "ಆ ಜನ ತಿಂದು ಚೆನ್ನಾಗಿದೆ ಅಂದ್ರೆ ನಾನು ಇಲ್ಲೇ ಇರ್ತೀನಿ, ಅಡುಗೆಮನೆ ಹಿಡೀತೀನಿ. ಮುಖ ಸಿಂಡರಿಸಿದ್ರೆ ನಿನ್ನ ಕೆಳಗಡೆ ರೂಮಿಗೆ ಬಂದ್ಬಿಡ್ತೀನಿ. ಆಮೇಲೆ ಈ ವಿಷಯ ನಾನೂ ಎತ್ತಲ್ಲ, ನೀನೂ ಎತ್ಬೇಡ."

"ಡೀಲ್, ಅಮ್ಮ," ಎಂದ ರಘು. "ಬಟ್ ನೋ ಚೀಟಿಂಗ್, ಓಕೆ? ಸುಮ್ನೆ ಚೆನ್ನಾಗಿತ್ತು ಅಂತ ಹೇಳ್ಬಾರ್ದು."

"ಅಮ್ಮನ್ನೇ ಚೀಟಿಂಗ್ ಅಂತೀಯಲ್ಲೋ ಮಂಗ," ಎಂದರು ಆಂಟಿ, ಕಾಳಿನಿಂದ ಕಣ್ಣೆತ್ತದೆ.

ರೇಸಿಗೆ ಕುದುರೆಗಳು ಹೊರಡುವ ಮೊದಲೇ ನಮ್ಮ ಸಾಲಿನಲ್ಲಿ ಬಾಜಿ ಕಟ್ಟಿಯಾಗಿತ್ತು.

ಡೋರಿಸ್ ತನ್ನ ಅಜ್ಜಿಯ ಕಾಲದ ಪಾಕವಿಧಾನಗಳ ಡಬ್ಬಿಯನ್ನೇ ತಂದುಕೊಟ್ಟಳು. ಜೋಳದ ಹಿಟ್ಟಿನ ಬೋಂಡದಂಥ ಹಶ್ ಪಪಿ. ಹಸಿರು ಟೊಮೆಟೊ ಬಿಲ್ಲೆಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ತುರಿದ ಚೀಸಿಗೆ ಸಿಹಿಯಾದ ಕೆಂಪು ಮೆಣಸಿನಕಾಯಿ ಬೆರೆಸಿ ಬಿಸ್ಕತ್ತಿನ ಮೇಲೆ ಹಚ್ಚುವ ಪಿಮೆಂಟೊ. ಚೀಸ್ ಹಿಟ್ಟನ್ನು ನಕ್ಷತ್ರದ ತೂತಿನಲ್ಲಿ ಕಡ್ಡಿಯಂತೆ ಒತ್ತಿ ಬೇಯಿಸುವ ಚೀಸ್ ಸ್ಟ್ರಾ. ಮೊಟ್ಟೆಯನ್ನು ಬೇಯಿಸಿ ಸೀಳಿ, ಹಳದಿಯನ್ನು ಸಾಸಿವೆ, ಮೇಯನೇಸ್, ಸೌತೆಕಾಯಿ ಉಪ್ಪಿನಕಾಯಿಯ ಚೂರಿನೊಡನೆ ಕಲಸಿ, ಮತ್ತೆ ಬಿಳಿಯ ಗುಳಿಯಲ್ಲಿ ತುಂಬುವ ಡೆವಿಲ್ಡ್ ಎಗ್. ಮಾಂಸದ್ದು ಮಾತ್ರ ಕೆರೊಲೈನಾದಿಂದ ಕಾರಿನಲ್ಲಿ ಬರುವ ಡೋರಿಸ್‌ನ ತಂಗಿಯ ಪಾಲಿಗೆ. "ಹಂದಿ ಅವಳ ತಂಗೀದು, ಮೊಟ್ಟೆ ನಂದು ಅಂತ ಒಪ್ಪಂದ ಆಗಿದೆ," ಎಂದು ಆಂಟಿ ಘೋಷಿಸಿದರು. ಅವರು ಮೊಟ್ಟೆ ತಿನ್ನುವವರಲ್ಲ. ಮೊಮ್ಮಕ್ಕಳ ಕೇಕಿನ ದೆಸೆಯಿಂದ ಮುಟ್ಟುವುದು ಮಾತ್ರ ರೂಢಿಯಾಗಿತ್ತು, ಅದೂ ಗರಾಜಿನ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ.

ಚೀಸ್ ಸ್ಟ್ರಾ ವಿಷಯದಲ್ಲಿ ಅವರಿಗೆ ಅಳುಕೇ ಇರಲಿಲ್ಲ. ಡೋರಿಸ್‌ನ ತಗಡಿನ ಒತ್ತುವ ಯಂತ್ರವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು ತಮ್ಮ ಹಿತ್ತಾಳೆಯ ಚಕ್ಕುಲಿ ಒರಳು ತೆಗೆದರು. ಎರಡೂ ಒಂದೇ ನಕ್ಷತ್ರ. ಆದರೆ ಕಡ್ಡಿ ನೆಟ್ಟಗಿರಬೇಕು. ಆಂಟಿ ಒತ್ತಿದರೆ ಸುರುಳಿ ಸುತ್ತುತ್ತದೆ. ಡೋರಿಸ್ ಪಕ್ಕದಲ್ಲೇ ನಿಂತು ಬ್ಯಾಂಡೇಜು ಕಟ್ಟಿದ ಕೈಯಿಂದ ಗಾಳಿಯಲ್ಲಿ ನೇರ ಗೆರೆ ಎಳೆದು ತೋರಿಸಿದಳು. ಆಂಟಿ ತಲೆಯಾಡಿಸಿ ಎರಡು ಗೆರೆ ನೆಟ್ಟಗೆ ಒತ್ತುವರು, ಮೂರನೆಯದಕ್ಕೆ ಕೈ ತಾನಾಗಿ ತಿರುಗುವುದು. "ಐವತ್ತು ವರ್ಷದ ಕೈ ಕಣೋ, ನನ್ನ ಮಾತು ಕೇಳಲ್ಲ," ಎಂದರು ನನಗೆ. ಡೋರಿಸ್ ಸುರುಳಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಈ ವರ್ಷ ಹೀಗೇ ಇರಲಿ ಎಂದಳು.

ಆಂಟಿಯ ಪದ್ಧತಿಯೊಂದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಅಡುಗೆಯ ರುಚಿ ನೋಡುವುದಿಲ್ಲ. ನೈವೇದ್ಯಕ್ಕೆ ಮುಂಚೆ ಬಾಯಿಗೆ ಹಾಕಿದರೆ ಎಂಜಲು ಎಂದು ಚಿಕ್ಕ ವಯಸ್ಸಿನಲ್ಲಿ ಅತ್ತೆಯಿಂದಲೋ ತಾಯಿಯಿಂದಲೋ ಕಲಿತದ್ದು, ಆಮೇಲೆ ದೇವರಿಗಲ್ಲದ ಅಡುಗೆಗೂ ಹಬ್ಬಿ ಬಿಟ್ಟಿತ್ತು. ಇನ್ನೂರು ಜನರ ಹುಳಿಗೂ ಅಷ್ಟೆ. ಸೌಟನ್ನು ಎತ್ತಿ ಆವಿ ಮೂಸುವರು, ಕುದಿಯ ಸದ್ದು ಕೇಳುವರು, ಒಂದು ತೊಟ್ಟನ್ನು ಅಂಗೈಗೆ ಹಾಕಿ ಹೆಬ್ಬೆರಳಿನಲ್ಲಿ ತೀಡಿ ನೋಡುವರು. ಉಪ್ಪು ಯಾವಾಗಲೂ ಸರಿಯಾಗಿರುತ್ತಿತ್ತು. ಯಾರಾದರೂ ಆಶ್ಚರ್ಯಪಟ್ಟರೆ, "ಸಾರು ಕುದಿಯೋವಾಗ ಮಾತಾಡುತ್ತೆ, ಕೇಳಿಸ್ಕೊಂಡ್ರೆ ಸಾಕು," ಎನ್ನುವರು.

ಆ ಶನಿವಾರ ಮಧ್ಯಾಹ್ನ ಮಾತ್ರ ಫೋನ್ ಮಾಡಿದರು. "ಬಾರೋ ಒಂದ್ನಿಮಿಷ. ಮೊಟ್ಟೆ ಮಾತಾಡ್ತಾ ಇಲ್ಲ."

ನನ್ನನ್ನೇ ಯಾಕೆ ಕರೆದರು ಎಂದರೆ, ನಮ್ಮ ಬಳಗದಲ್ಲಿ ನಾನು ನಾಲಿಗೆ ಎಂದು ಹೆಸರಾಗಿದ್ದವನು. ಮೊಟ್ಟೆ ತಿನ್ನುತ್ತೇನೆ ಎಂಬುದು ಒಂದು ಅರ್ಹತೆ. ದೊಡ್ಡ ಅರ್ಹತೆ ಎಂದರೆ ತಪ್ಪು ಹಿಡಿಯುವುದು. ಗಣೇಶನ ಹಬ್ಬದ ಬಿಸಿಬೇಳೆಬಾತಿನಲ್ಲಿ ಮರಾಠಿ ಮೊಗ್ಗು ಒಂದು ಹೆಚ್ಚಾಗಿದೆ ಎಂದು ಮೊದಲ ತುತ್ತಿಗೇ ಹೇಳಿ, ಮಾಡಿದವರನ್ನೇ ಒಪ್ಪಿಸಿದ ಖ್ಯಾತಿ ನನಗಿತ್ತು. ಅಂಥ ನನಗೆ ಆ ವರ್ಷ ಜನವರಿಯಲ್ಲಿ ಕೋವಿಡ್ ಬಂತು. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಕೊಂಡೊಯ್ದಿತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಕಾಯಿಲೆಯೆಂದಾದರೆ ಹೇಳಬಹುದಿತ್ತು. ನನಗೆ ಅದು ಕೆಲಸದಿಂದ ತೆಗೆದುಹಾಕಿದ ಹಾಗೆ ಅನ್ನಿಸಿತ್ತು. ಆದ್ದರಿಂದ ಮೂರು ತಿಂಗಳು ಮನೆಯಲ್ಲಿ ಊಹೆಯ ಮೇಲೆ ವಿಮರ್ಶೆ ನಡೆಸಿದೆ. "ಇವತ್ತು ಹುಳಿ ಸ್ವಲ್ಪ ಮುಂದಾಯ್ತು" ಎನ್ನುವುದು, "ಮೆಂತ್ಯ ಚೆನ್ನಾಗಿ ಹುರಿದಿಲ್ಲ" ಎನ್ನುವುದು. ಒಂದು ದಿನ ಇಂಗು ಜಾಸ್ತಿಯಾಗಿದೆ ಎಂದೆ. ಶೈಲಾ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಳಗೆ ಹೋದಳು. ಆ ದಿನ ಇಂಗಿನ ಡಬ್ಬಿ ಖಾಲಿಯಾಗಿದ್ದದ್ದನ್ನು ಆಮೇಲೆ ನೋಡಿದೆ.

ಗರಾಜಿಗೆ ಹೋದಾಗ ಮೂರು ಡಜನ್ ಮೊಟ್ಟೆಯ ಎಪ್ಪತ್ತೆರಡು ಬಿಳಿ ಹೋಳುಗಳು ಟ್ರೇಗಳಲ್ಲಿ ಬಾಯಿ ತೆರೆದು ಕಾಯುತ್ತಿದ್ದವು. ಹಳದಿಯ ಮಿಶ್ರಣ ಬೇಸನ್ನಿನಲ್ಲಿ ಇತ್ತು. ಮೇಲೆ ಉದುರಿಸಲು ಡೋರಿಸ್ ಕೊಟ್ಟ ಪ್ಯಾಪ್ರಿಕಾ ಪುಡಿಯ ಬದಲು ಆಂಟಿ ಬ್ಯಾಡಗಿ ಪುಡಿ ತೆಗೆದಿಟ್ಟಿದ್ದರು. "ಅದು ಬಣ್ಣಾನೂ ಇಲ್ಲ, ಖಾರಾನೂ ಇಲ್ಲ, ಯಾಕೆ ಹುಟ್ಟಿದ್ಯೋ," ಎಂದು ಪ್ಯಾಪ್ರಿಕಾವನ್ನು ಬೈದರು.

"ಡೋರಿಸ್‌ನೇ ಕರೆಸಿ ರುಚಿ ನೋಡಿಸಬಹುದಿತ್ತಲ್ಲ ಆಂಟಿ?" ಎಂದೆ. ತಪ್ಪಿಸಿಕೊಳ್ಳಲು ಅದು ನನ್ನ ಕೊನೆಯ ದಾರಿ.

"ಅವಳಿಗೆ ಕೊಟ್ರೆ ಪರೀಕ್ಷೆ ಆಗುತ್ತೆ, ನಿನಗೆ ಕೊಟ್ರೆ ಸಹಾಯ. ತಿನ್ನೋ ಸುಮ್ನೆ."

ಒಂದು ಹೋಳಿಗೆ ಹಳದಿ ತುಂಬಿ ನನ್ನ ಅಂಗೈಯಲ್ಲಿಟ್ಟರು. ನಾನು ಬಾಯಿಗೆ ಹಾಕಿಕೊಂಡೆ. ತಣ್ಣಗಿತ್ತು. ಮೆತ್ತಗಿತ್ತು. ನುಣ್ಣನೆಯದರ ನಡುವೆ ಉಪ್ಪಿನಕಾಯಿಯ ಚೂರು ಹಲ್ಲಿಗೆ ಸಿಕ್ಕಿ ಕರ್ ಎಂದಿತು. ಅಷ್ಟೆ. ಬೇಕಿದ್ದರೆ ಸೋಪು ತಿನ್ನಿಸಿದ್ದರೂ ಅಷ್ಟೇ ಹೇಳುತ್ತಿದ್ದೆ. ಆಂಟಿ ನನ್ನ ಗಂಟಲನ್ನೇ ನೋಡುತ್ತಿದ್ದರು. ಅಡುಗೆಯ ಮುಂದೆ ಯಾವತ್ತೂ ಯಾರ ಮುಖವನ್ನೂ ನೋಡಿದವರಲ್ಲ. ಆ ನೋಟ ಕಂಡು ನಾನು ನಿಜ ಹೇಳಬೇಕಿತ್ತು. ಬೇಡ, ಸುಮ್ಮನೆ "ಚೆನ್ನಾಗಿದೆ" ಎಂದಿದ್ದರೂ ಸಾಕಿತ್ತು. ಆದರೆ ತಪ್ಪು ಹಿಡಿಯದ ನಾಲಿಗೆಯನ್ನು ಯಾರು ನಂಬುತ್ತಾರೆ? ನಾನು ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ಓರೆ ಮಾಡಿ, "ಎಲ್ಲ ಸರಿ ಇದೆ ಆಂಟಿ, ಉಪ್ಪು ಮಾತ್ರ ಒಂದು ಚೂರು ಸಾಲದು," ಎಂದೆ.

ಅವರು ಹಾಂ ಎಂದು ಆ ಕಡೆ ತಿರುಗಿದರು. ಡಬ್ಬಿಯ ಮುಚ್ಚಳದ ಸದ್ದು. ಬೇಸನ್ನಿನ ಅಂಚಿಗೆ ಚಮಚ ತಾಗಿದ ಸದ್ದು. ನನ್ನ ಎದೆಯಲ್ಲಿ ಏನೋ ಕುಸಿಯಿತು ಎಂದು ಬರೆಯಲು ಹೊರಟಿದ್ದೆ. ಬಹುಶಃ ಕುಸಿಯಲಿಲ್ಲ. ಆ ಕ್ಷಣ ನನಗೆ ನನ್ನ ಅಭಿನಯದ ಬಗ್ಗೆ ಸ್ವಲ್ಪ ಹೆಮ್ಮೆಯೇ ಆಗಿರಬೇಕು.

ಸಂಜೆ ಐದಕ್ಕೆ ಡೆಕ್ ತುಂಬಿತ್ತು. ಸಿನಿಮಾ ಪರದೆಯಷ್ಟು ದೊಡ್ಡ ಟೀವಿ, ಪುದೀನ ಹಾಕಿದ ಪಾನೀಯ, ಹೂ ಗರಿ ರಿಬ್ಬನ್ನುಗಳ ಹ್ಯಾಟುಗಳು. ಡೋರಿಸ್ ಆಂಟಿಗೂ ಒಂದು ಹ್ಯಾಟ್ ತಂದಿದ್ದಳು. "ಬೇಡಮ್ಮ, ತಲೆ ಮೇಲೆ ಏನಾದ್ರೂ ಇಟ್ರೆ ನನಗೆ ವಾಸನೆ ಗೊತ್ತಾಗಲ್ಲ," ಎಂದು ಆಂಟಿ ಕನ್ನಡದಲ್ಲೇ ಹೇಳಿದರು. ಡೋರಿಸ್ ಅರ್ಥವಾದವಳಂತೆ ಹ್ಯಾಟನ್ನು ತೆಗೆದು ಕುರ್ಚಿಗೆ ಸಿಕ್ಕಿಸಿದಳು. ಆಂಟಿಯ ಮೈಮೇಲೆ ರೇಷ್ಮೆ ಸೀರೆ, ಕಾಲಿಗೆ ಓಡಾಟದ ಶೂ, ಕೈಯಲ್ಲಿ ಸುರುಳಿ ಚೀಸ್ ಸ್ಟ್ರಾಗಳ ಬುಟ್ಟಿ. ಆಂಟಿ ತಮ್ಮದೇ ಮನೆಯ ಮದುವೆಯಲ್ಲಿ ಓಡಾಡುವ ಹಾಗೆ ಓಡಾಡಿದರು. ಬೇಡ ಎಂದವರ ತಟ್ಟೆಗೆ ಇನ್ನೆರಡು ಹಾಕಿದರು. ಕೆರೊಲೈನಾದವರೂ ಹಾಗೆಯೇ ಹಾಕುವವರಾದ್ದರಿಂದ ಯಾರೂ ಬೆಚ್ಚಲಿಲ್ಲ. ಸುರುಳಿಗಳು ಮೊದಲು ಮುಗಿದವು, ಹಸಿರು ಟೊಮೆಟೊ ಆಮೇಲೆ.

ನಾನು ಮೊಟ್ಟೆಯ ತಟ್ಟೆಗಳನ್ನೇ ಕಾಯುತ್ತಿದ್ದೆ. ಅಷ್ಟು ದೊಡ್ಡ ರೇಸು ಎರಡೇ ನಿಮಿಷದ್ದು, ಅದನ್ನು ಕಾಣಲು ಜನ ವರ್ಷವಿಡೀ ಕಾಯುತ್ತಾರೆ. ನಾನು ಒಂದು ಕುದುರೆಯನ್ನೂ ನೋಡಲಿಲ್ಲ. ನೇರಳೆ ಹ್ಯಾಟಿನ ಹೆಂಗಸೊಬ್ಬಳು ಅರ್ಧ ಹೋಳು ಕಚ್ಚಿ, ತಡೆದು, ನೀರಿನ ಲೋಟಕ್ಕೆ ಕೈ ಚಾಚಿದಳು. ಕೂಗಿ ಕೂಗಿ ಗಂಟಲು ಒಣಗಿದ್ದರೂ ಹಾಗೆ ಮಾಡಬಹುದು. ದಪ್ಪ ಮೀಸೆಯ ಒಬ್ಬಾತ ಒಂದಾದ ಮೇಲೊಂದು ಮೂರು ನುಂಗಿದ. ಆತ ಏನು ಕೊಟ್ಟರೂ ನುಂಗುವಂತೆ ಕಾಣುತ್ತಿದ್ದ. ಡೋರಿಸ್‌ನ ಮುದಿ ನಾಯಿ ಮೇಜಿನ ಕೆಳಗಿಂದ ಎದ್ದು ಹೋಗಿ ಬಟ್ಟಲಿನ ನೀರನ್ನೆಲ್ಲ ಕುಡಿಯಿತು. ಸೆಖೆಗೆ ನಾಯಿಗಳು ನೀರು ಕುಡಿಯುತ್ತವೆ. ಕೊನೆಗೆ ಡೋರಿಸ್ ಒಂದನ್ನು ಬಾಯಿಗಿಟ್ಟಳು. ಅಗಿದಳು. ಬೇಲಿಯಾಚೆ ಎಲ್ಲೋ ದೂರ ನೋಡಿದಳು. ಆಮೇಲೆ ಆಂಟಿಯ ಭುಜದ ಮೇಲೆ ಕೈಯಿಟ್ಟು, "ವಿಶಾಲು, ನನ್ನ ಜನ್ಮದಲ್ಲಿ ಇಂಥ ಮೊಟ್ಟೆ ತಿಂದಿಲ್ಲ," ಎಂದಳು.

ನೀವೇ ಹೇಳಿ, ಇದರ ಅರ್ಥ ಏನು? ದಕ್ಷಿಣ ಕೆರೊಲೈನಾದ ಹೆಂಗಸರು ಎದುರಿಗೆ ಚೆನ್ನಾಗಿಲ್ಲ ಎನ್ನುವುದಿಲ್ಲ. ನಮ್ಮ ಮೈಸೂರಿನವರೂ ಎನ್ನುವುದಿಲ್ಲ. ರೇಸ್ ಮುಗಿದು ನೋಡಿದಾಗ ತಟ್ಟೆಗಳಲ್ಲಿ ಒಂದು ಹೋಳೂ ಉಳಿದಿರಲಿಲ್ಲ. ನಾನು ರುಚಿ ನೋಡಿದ್ದು ಬಿಟ್ಟು ಉಳಿದ ಎಪ್ಪತ್ತೊಂದೂ ಹೊಟ್ಟೆಗೇ ಹೋದವೋ, ಕೆಲವು ಪೇಪರ್ ನ್ಯಾಪ್‌ಕಿನ್ನುಗಳ ಒಳಗೆ ಹೋದವೋ ನಾನು ಹುಡುಕಲಿಲ್ಲ. ಕಸದ ಚೀಲ ಕಟ್ಟಿದವನು ನಾನೇ. ಬೇಕೆಂದೇ ಒಳಗೆ ನೋಡದೆ ಕಟ್ಟಿದೆ.

ಆಗಲೇ ರಘುವಿನ ಫೋನ್ ಬಂತು. "ಹೇಗಾಯ್ತು ಅಮ್ಮ?"

"ನನ್ನ ಮಾತು ಚೀಟಿಂಗ್ ಅಂತೀಯಲ್ಲ, ಇವನ್ನೇ ಕೇಳು. ಇವನೇ ರುಚಿ ನೋಡಿದ್ದು," ಎಂದು ಆಂಟಿ ಫೋನನ್ನು ನನ್ನ ಕೈಗಿಟ್ಟು ಬುಟ್ಟಿ ಎತ್ತಿಕೊಂಡು ಹೋದರು.

"ಹೇ, ಹಾನೆಸ್ಟ್ ಆಗಿ ಹೇಳಿ," ಎಂದ ರಘು. ಅವನ ಕನ್ನಡದಲ್ಲಿ ಎಲ್ಲ ಅಕ್ಷರಗಳೂ ಒಂದಿಷ್ಟು ಹೊರಳಿ ಬರುತ್ತವೆ. "ರಿಯಲಿ ಚೆನ್ನಾಗಿತ್ತಾ? ಅಮ್ಮ ಸ್ಯಾಡ್ ಆಗ್ತಾರೆ ಅಂತ ಸುಳ್ಳು ಹೇಳ್ಬೇಡಿ."

ಡೆಕ್ಕಿನ ಆ ತುದಿಯಲ್ಲಿ ಆಂಟಿ ನೇರಳೆ ಹ್ಯಾಟಿನವಳಿಗೆ ಚಕ್ಕುಲಿ ಒರಳು ತಿರುಗಿಸುವ ರೀತಿಯನ್ನು ಬರಿಗೈಯಲ್ಲಿ ತೋರಿಸುತ್ತಿದ್ದರು.

"ಚೆನ್ನಾಗಿತ್ತು ರಘು," ಎಂದೆ. "ಉಪ್ಪು, ಖಾರ, ಎಲ್ಲ ಕರೆಕ್ಟ್."

"ಓಕೆ," ಎಂದ. "ದೆನ್ ಐ ಲಾಸ್ಟ್. ಇಟ್ಸ್ ಫೈನ್. ರೂಮ್ ಪೇಂಟ್ ಮಾಡ್ಸಿದ್ದೆ, ದಟ್ಸ್ ಆಲ್."

ಆ ಬಣ್ಣ ಯಾವುದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಜೂನಿನಲ್ಲಿ ಆಂಟಿ ಅಡುಗೆಮನೆ ಹಿಡಿದರು. ಈಗ ಇಬ್ಬರು ಹೆಂಗಸರು ಅವರ ಕೈಕೆಳಗೆ ಇದ್ದಾರೆ. ಮೇ ತಿಂಗಳಲ್ಲಿ ಸುರುಳಿ ಚೀಸ್ ಸ್ಟ್ರಾಗಳಿಗೆ, ಗೌರಿಹಬ್ಬಕ್ಕೆ ನಿಜವಾದ ಚಕ್ಕುಲಿಗೆ ಜನ ವಾರಗಟ್ಟಲೆ ಮೊದಲೇ ಹೇಳಿರಬೇಕು. ಡೋರಿಸ್ ಮನೆ ಮಾರಿ ತಂಗಿಯ ಊರಿಗೆ ಹೊರಟು ಹೋದಳು. ನನ್ನ ಮೂಗು ಕಂತು ಕಂತಾಗಿ ಮರಳಿತು. ಮೊದಲು ಕಾಫಿ ಸುಟ್ಟ ರಬ್ಬರಿನಂತೆ ನಾರಿತು, ತಿಂಗಳುಗಳ ಮೇಲೆ ಕಾಫಿಯಂತೆಯೇ. ರುಚಿ ಬಂದ ಮೇಲೂ ನಾನು ತಪ್ಪು ಹಿಡಿಯುವುದು ಕಡಿಮೆಯಾಯಿತು ಎಂದು ಶೈಲಾ ಹೇಳುತ್ತಾಳೆ. ಕಾರಣ ಏನೆಂದು ಅವಳು ಕೇಳಿಲ್ಲ. ಮೊದಲೇ ಗೊತ್ತಿದ್ದರೆ ಕೇಳುವ ಅಗತ್ಯವೂ ಇಲ್ಲ.

ಇವತ್ತು ಮಗಳಿಗೆ ಡಬ್ಬಿ ಕಟ್ಟಿಕೊಟ್ಟು ಸೀದಾ ಆಂಟಿಯ ಅಡುಗೆಮನೆಗೆ ಡ್ರೈವ್ ಮಾಡಿಕೊಂಡು ಹೋದೆ. ಅವರು ಬಾಣಲೆಯ ಮುಂದೆ ನಿಂತಿದ್ದರು. ಮೂರು ವರ್ಷಕ್ಕೂ ಮೀರಿ ಹೊತ್ತು ತಿರುಗಿದ್ದನ್ನು ಮೂರು ವಾಕ್ಯದಲ್ಲಿ ಹೇಳಿ ಮುಗಿಸಿದೆ. ಮೂಗು ಇರಲಿಲ್ಲ. ಉಪ್ಪು ಸಾಲದು ಎಂದದ್ದು ಸುಳ್ಳು. ರಘುವಿಗೆ ಹೇಳಿದ್ದೂ ಸುಳ್ಳು.

ಆಂಟಿ ಜಾಲರಿ ಸೌಟು ಕೆಳಗಿಡಲಿಲ್ಲ. "ಆವತ್ತು ನೀನು ಹೇಳ್ದೆ ಅಂತ ನಾನು ಉಪ್ಪು ಹಾಕ್ದೆ ಅಂತ ಯಾರು ಹೇಳಿದ್ರು?"

"ನಾನೇ ಕೇಳಿಸ್ಕೊಂಡೆ ಆಂಟಿ. ಚಮಚದ ಸದ್ದಾಯ್ತು."

"ಚಮಚದಲ್ಲಿ ನಾನು ಯಾವತ್ತು ಉಪ್ಪು ಹಾಕಿದ್ದೀನೋ?"

ಅದು ನಿಜ. ಅವರು ಉಪ್ಪು ಹಾಕುವುದು ಕೈಯಲ್ಲಿ. ನೂರು ಸಲ ನೋಡಿದ್ದೇನೆ. ಹಾಗಾದರೆ ಆ ಚಮಚವನ್ನು ನನ್ನ ನೆನಪಿಗೆ ತಂದಿಟ್ಟವರು ಯಾರು?

"ಹಾಗಾದ್ರೆ ಹಾಕ್ಲಿಲ್ವಾ?"

"ಹಾಕಿರ್ಬಹುದು, ಬಿಟ್ಟಿರ್ಬಹುದು. ನೆನಪಿಟ್ಕೊಳೋದಕ್ಕೆ ನನಗೇನು ಬೇರೆ ಕೆಲಸ ಇರ್ಲಿಲ್ವಾ ಆವತ್ತು?" ಎಂದು ನಕ್ಕರು. ನನ್ನನ್ನು ಹಗುರ ಮಾಡಲು ಹಾಗೆಂದರೋ, ನಿಜಕ್ಕೂ ಮರೆತಿದ್ದರೋ, ಆ ದಿನವೇ ನನ್ನ ಓರೆ ಮಾಡಿದ ತಲೆಯನ್ನು ನೋಡಿ ನಂಬದೆ ಬಿಟ್ಟಿದ್ದರೋ, ಮುಖದಿಂದ ತಿಳಿಯಲಿಲ್ಲ.

"ರಾಲಿಗೆ ಹೋಗಿದ್ರೆ ಚೆನ್ನಾಗಿತ್ತು ಅಂತ ಯಾವತ್ತಾದ್ರೂ ಅನ್ಸುತ್ತಾ ಆಂಟಿ?" ಎಂದೆ. ಕೇಳಬೇಕಾಗಿದ್ದದ್ದು ಇದೇ. ಉಪ್ಪಿನ ಮಾತು ಬರೀ ಪೀಠಿಕೆ.

ಅವರು ಬಾಣಲೆಯಲ್ಲಿದ್ದದ್ದನ್ನು ತಿರುವಿ ಹಾಕಿದರು. "ಎಣ್ಣೆ ಕಾದಿದೆ ಕಣೋ, ಸ್ವಲ್ಪ ಆ ಕಡೆ ನಿಲ್ಲು," ಎಂದರು.

ನಾನು ಆ ಕಡೆ ನಿಂತೆ. ಒಂದು ಗಂಟೆ ಅಲ್ಲೇ ಡಬ್ಬಿಗಳಿಗೆ ಹೆಸರಿನ ಚೀಟಿ ಅಂಟಿಸಿ ಕೊಟ್ಟು ಬಂದೆ. ಯಾವುದನ್ನೂ ರುಚಿ ನೋಡು ಎಂದು ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ. ರಘುವಿಗೆ ನಿಜ ಹೇಳಬೇಕೋ ಬೇಡವೋ ಗೊತ್ತಿಲ್ಲ. ಆ ಮೊಟ್ಟೆಗಳು ಹೇಗಿದ್ದವು ಎಂಬುದೂ ನನಗೆ ಗೊತ್ತಿಲ್ಲ.